ಕಿಟಕಿ ಖಾಲಿ ಇದ್ದಾಗ

“ಗುರುಗಳೇ, ಕೆಲಸವಿಲ್ಲದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಆಟ ಆಡಿದರೆ ತಪ್ಪೇ?” ಎಂದು ಶಿಷ್ಯ ಗುರುಪಾದ ಕೇಳಿದ. ಮಠದಲ್ಲಿ ಸೇವಾ ಚೀಟಿ ಕೊಡುವ ಕಿಟಕಿಯಲ್ಲಿ ಕೂರುವವನು ಅವನು. ಯಾರೋ ಅವನ ಮೇಲೆ ದೂರು ಹೇಳಿದ್ದರು. ಆ ಜಾಗ ತಪ್ಪಿದರೆ ದಾಸೋಹದ ಕೊಪ್ಪರಿಗೆ ತಿಕ್ಕುವ ಕೆಲಸ ಅವನಿಗಾಗಿ ಕಾದಿತ್ತು.

ಗುರುಗಳು ಒಂದು ಕತೆ ಹೇಳಿದರು.

ರೈತರಿಗೆ ಬೀಜ ಕೊಡುವ ಕಚೇರಿಯಲ್ಲಿ ಒಬ್ಬ ಗುಮಾಸ್ತನಿದ್ದ. ಬೇಸಿಗೆಯಲ್ಲಿ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ನೊಣ ಹೊಡೆದು ಹೊಡೆದು ಸಾಕಾಗಿ, ಅವನು ಕಂಪ್ಯೂಟರಿನಲ್ಲಿ ಬೇಸಾಯದ ಆಟ ಶುರುಮಾಡಿದ. ಪರದೆಯ ಮೇಲೆ ಉಳುವುದು, ಬಿತ್ತುವುದು, ಕಲ್ಲಂಗಡಿ ಬೆಳೆಯುವುದು. ಆದರೆ ನೇಮಸ್ಥ. ಕಿಟಕಿಯಲ್ಲಿ ಒಂದು ಮುಖ ಕಂಡರೂ ಆಟ ಮುಚ್ಚಿಬಿಡುತ್ತಿದ್ದ.

ಮಳೆ ಬಂತು. ಬೇಗ ಒಣಗುವ ಮಸಾರಿ ನೆಲ, ಹದ ಆರುವುದರೊಳಗೆ ಬೀಜ ಬೀಳಬೇಕು. ಕಚೇರಿ ತೆರೆಯುತ್ತಲೇ ಒಬ್ಬ ರೈತ ಓಡಿಬಂದು ಇಣುಕಿದ. ಗುಮಾಸ್ತ ಪರದೆಯಲ್ಲೇ ಕಣ್ಣು ನೆಟ್ಟು, ತುಟಿ ಕಚ್ಚಿ, ರೆಪ್ಪೆ ಬಡಿಯದೆ, ಒಳಗೊಳಗೇ ಎಣಿಸುತ್ತಿದ್ದ. ಕಣದಲ್ಲಿ ರಾಶಿ ಅಳೆಯುವವನೂ ಹೀಗೇ ಇರುತ್ತಾನೆ. ಆಗ ಮಾತಾಡಿಸಿದರೆ ರಾಶಿಯ ಹುಲುಸು ಹೋಗುತ್ತದೆಂದು ರೈತರ ನಂಬಿಕೆ. ಇದೂ ಅಂಥದೇ ಅಳತೆ ಎಂದುಕೊಂಡು ರೈತ ಸದ್ದಿಲ್ಲದೆ ಬೇವಿನ ಮರದ ಕೆಳಗೆ ಹೋಗಿ ಕೂತ. ಹಿಂದೆ ಬಂದವರನ್ನೂ ಸನ್ನೆ ಮಾಡಿ ಕೂರಿಸಿದ. ಕೆಮ್ಮು ಬಂದವನೊಬ್ಬ ರಸ್ತೆಯ ಆಚೆಗೆ ಹೋಗಿ ಕೆಮ್ಮಿ ಬಂದ.

ಗುಮಾಸ್ತ ಆಗಾಗ ತಲೆಯೆತ್ತಿ ನೋಡಿದ. ಕಿಟಕಿ ಖಾಲಿ. ಮಳೆ ಬಂದರೂ ಈ ರೈತರಿಗೆ ಮೈ ಬಗ್ಗುವುದಿಲ್ಲವಲ್ಲ ಎಂದು ಮರುಗಿ, ತಾನು ಇನ್ನೊಂದೆಕರೆ ಉತ್ತ. ಬಲಗೈ ಉಳುಮೆಯಲ್ಲಿದ್ದುದರಿಂದ ಬುತ್ತಿಯನ್ನು ಎಡಗೈಯಲ್ಲೇ ಉಂಡ. ಹೊರಗೆ ಬಿಸಿಲು ನೆಲವನ್ನು ಹಂಚು ಮಾಡುತ್ತಿತ್ತು.

ಸಂಜೆ ಕಲ್ಲಂಗಡಿ ಕೊಯ್ದು ಮುಗಿಸಿ, ಮೀಸೆ ತಿರುವುತ್ತ ಹೊರಬಂದ. ಮರದ ಕೆಳಗೆ ಕೂತಿದ್ದ ಊರೇ ಎದ್ದು ನಿಂತಿತು.

“ಅಳತಿ ಮುಗೀತೇನ್ರಿ ಸಾಹೇಬ್ರ?” ಎಂದ ಆ ರೈತ. ಕೈಯಲ್ಲಿ ಖಾಲಿ ಚೀಲ. “ನಮ್ಮ ಹದಾ ಅಂತೂ ಹೋತು. ನಿಮ್ಮ ರಾಶಿಯಾದ್ರೂ ಹುಲುಸಾತಿಲ್ಲೋ?”

ಗುಮಾಸ್ತ ಮೀಸೆಯಿಂದ ಕೈ ತೆಗೆದ.

ಇಷ್ಟು ಕೇಳಿ ಗುರುಪಾದನ ಮುಖ ಅರಳಿತು. ಹಾಗಾದರೆ ಗುಮಾಸ್ತನದೇನೂ ತಪ್ಪಿಲ್ಲ, ಬಾಯಿ ಬಿಟ್ಟು ಕರೆಯದವರದೇ ತಪ್ಪು ಎಂದ. ತಾನೂ ಅಷ್ಟೇ, ಕಿಟಕಿ ಖಾಲಿ ಇದ್ದಾಗ ಮಾತ್ರ ಆಡುವವನು ಎಂದೂ ಸೇರಿಸಿದ.

ಗುರುಗಳು ನಕ್ಕು ಹೇಳಿದರು: “ನಿನ್ನೆ ಊಟದ ಗಂಟೆ ಹೊಡೆಯುವವರೆಗೂ ನಿನ್ನ ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ನಾನು ಸುಮ್ಮನೆ ಕೂತಿದ್ದೆನಪ್ಪ, ನೀನೂ ಏನೋ ಅಳೆಯುತ್ತಿದ್ದೀಯೆ ಅಂತ.”