ಹನ್ನೊಂದು ಮನೆಗೆ ಒಂದು ತಂಬಿಗೆ

“ಗುರುಗಳೇ, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುವವನು ತಪ್ಪು ಬರೆಯುವುದು ಸಾಧ್ಯವೇ?” ಎಂದು ಶಿಷ್ಯ ಮಡಿವಾಳಯ್ಯ ಕೇಳಿದ.

ನೆರೆಯಲ್ಲಿ ಮನೆ ಕಳೆದುಕೊಂಡವರ ಪಟ್ಟಿ ಮಾಡಲು ಅವನು ಮರುದಿನ ಮಠದ ಪರವಾಗಿ ಹೊರಡಬೇಕಿತ್ತು. ಹೊಸ ಪುಸ್ತಕಕ್ಕೆ ಗೆರೆ ಎಳೆದು, ಎರಡು ಪೆನ್ನು ಜೇಬಿಗೆ ಸಿಕ್ಕಿಸಿ, ಆಗಲೇ ಸಿದ್ಧನಾಗಿದ್ದ. ಗುರುಗಳು ಪುಸ್ತಕ ನೋಡಿದರು, ಪೆನ್ನು ನೋಡಿದರು, ಆಮೇಲೆ ಅವನ ಮುಖ ನೋಡಿದರು.

“ನಿನ್ನ ಕಣ್ಣಿನ ಮೇಲೆ ನಿನಗೆ ಬಲು ನಂಬಿಕೆ. ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ” ಎಂದರು.

ಒಂದು ಹೊಳೆಯ ದಂಡೆಯಲ್ಲಿ ಅಂಬಿಗರ ಹನ್ನೊಂದು ಮನೆಗಳಿದ್ದವು. ಒಂದು ವರ್ಷ ಹೊಳೆ ಹಾಡುಹಗಲೇ ಏರಿ ಬಂತು. ಜನ ಎದ್ದೆವೋ ಬಿದ್ದೆವೋ ಎಂದು ಓಡಿ ದಿಬ್ಬ ಹತ್ತಿದರು. ಹತ್ತಿ, ತಿರುಗಿ ನೋಡುವಷ್ಟರಲ್ಲಿ ಕೇರಿ ಇರಲಿಲ್ಲ. ದೋಣಿ ಇಲ್ಲ, ಗೋಡೆ ಇಲ್ಲ, ಒಲೆ ಇಲ್ಲ, ಒಲೆಯ ಮೇಲಿದ್ದ ಗಡಿಗೆಯೂ ಇಲ್ಲ. ಅವರಲ್ಲಿ ಒಬ್ಬ ಹೆಂಗಸು ಮಗಳಿಗೆ ನೀರು ಕುಡಿಸುತ್ತಿದ್ದವಳು ಹಾಗೆಯೇ ಎದ್ದು ಓಡಿದ್ದಳು. ಅವಳ ಕಂಕುಳಲ್ಲಿ ಮಗಳು ಉಳಿದಳು, ಕೈಯಲ್ಲಿ ಹಿತ್ತಾಳೆಯ ತಂಬಿಗೆ ಉಳಿಯಿತು. ಹಿಂದೆ ಓಡಿ ಬರುತ್ತಿದ್ದ ಗಂಡ ಉಳಿಯಲಿಲ್ಲ.

ದಿಬ್ಬದ ಮೇಲೆ ಸರ್ಕಾರದವರು ಸಾಲಾಗಿ ಹನ್ನೊಂದು ಗುಡಿಸಲು ಹಾಕಿ ಟಾರ್ಪಾಲು ಹೊದಿಸಿಕೊಟ್ಟರು. ಎರಡು ಹೊತ್ತು ಗಂಜಿ ಬರುತ್ತಿತ್ತು. ಜನ ಅದನ್ನು ಮುತ್ತುಗದ ಎಲೆಯ ದೊನ್ನೆಯಲ್ಲಿ ಕುಡಿಯುತ್ತಿದ್ದರು. ಬಾಯಾರಿದರೆ ಟ್ಯಾಂಕಿನ ನಲ್ಲಿಗೆ ಬೊಗಸೆ ಒಡ್ಡುತ್ತಿದ್ದರು.

ಹೀಗಿರುವಾಗ ಒಬ್ಬ ಅಧಿಕಾರಿ ಪಟ್ಟಿ ಬರೆಯಲು ಬಂದ. ಯಾರ ಮನೆಯೂ ಮನೆಯೊಳಗಿನ ಪಾತ್ರೆಪಗಡವೂ ಪೂರ್ತಿ ಹೋಗಿದೆಯೋ, ಅವರಿಗೆ ದಿಬ್ಬದ ಮೇಲೆಯೇ ಜಾಗ, ಅಲ್ಲಿಯೇ ಮನೆ. ಏನನ್ನಾದರೂ ಉಳಿಸಿಕೊಂಡವರು ಹಳೆಯ ಜಾಗಕ್ಕೇ ಹೋಗಿ ಕಟ್ಟಿಕೊಳ್ಳಬೇಕು. ಇದು ಅಲ್ಲಿಯ ಕಟ್ಟಳೆ. ಯಾವ ಬುದ್ಧಿವಂತ ಮಾಡಿದನೋ ನನಗೆ ಗೊತ್ತಿಲ್ಲ. ಇಂಥ ಕಟ್ಟಳೆ ಮಾಡುವವರು ಯಾರೂ ಹೊಳೆಯ ದಂಡೆಯಲ್ಲಿ ಮನೆ ಕಟ್ಟಿಕೊಂಡಿರುವುದಿಲ್ಲ. ಅಂಬಿಗರಿಗಂತೂ ಈ ಕಟ್ಟಳೆಯ ಗಂಧಗಾಳಿಯೂ ಇರಲಿಲ್ಲ. ಮನೆ ಕೊಡುವವರು ಬರುತ್ತಾರೆ ಎಂದಷ್ಟೇ ಅವರು ಕೇಳಿದ್ದರು. ಆ ಹೆಂಗಸಿಗೆ ಬೇಕಾಗಿದ್ದದ್ದೂ ಅಷ್ಟೇ. ಮಗಳನ್ನು ಮತ್ತೆ ಆ ದಂಡೆಯಲ್ಲಿ ಮಲಗಿಸಬಾರದು ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು.

ಅಧಿಕಾರಿ ಒಳ್ಳೆಯವನು. ನಿನ್ನ ಹಾಗೆಯೇ. ಯಾರಿಂದಲೂ ಏನನ್ನೂ ಮುಟ್ಟಿದವನಲ್ಲ. ಆದರೆ ಹಿಂದಿನ ಊರಿನಲ್ಲಿ ಅವನಿಗೆ ಒಂದು ಪಾಠವಾಗಿತ್ತು. ಅಲ್ಲಿಯ ಜನ ಕೊಪ್ಪರಿಗೆಗಳನ್ನು ಬಣವೆಯೊಳಗೆ ಬಚ್ಚಿಟ್ಟು, ಅವನ ಮುಂದೆ ಎದೆ ಬಡಿದುಕೊಂಡು ಅತ್ತಿದ್ದರು. ಇನ್ನು ಮೇಲೆ ಯಾರನ್ನೂ ಏನೂ ಕೇಳುವುದಿಲ್ಲ, ಕಣ್ಣಿಂದ ನೋಡಿದ್ದನ್ನಷ್ಟೇ ಬರೆಯುತ್ತೇನೆ ಎಂದು ಅವನು ಅಂದೇ ತೀರ್ಮಾನ ಮಾಡಿದ್ದ.

ಅಂಬಿಗರಿಗೂ ಒಂದು ತೀರ್ಮಾನವಿತ್ತು. ಅದು ಅವರ ಅಜ್ಜ ಮುತ್ತಜ್ಜರ ಕಾಲದ್ದು. ಮನೆಗೆ ವೈರಿ ಬಂದರೂ ಮೊದಲು ಕೈಗೆ ಬೆಲ್ಲ, ನೀರು ಕೊಡಬೇಕು. ಬಂದವರು ತಾವಾಗಿ ಕೇಳುವ ತನಕ ಮನೆಯ ಗೋಳು ತೋಡಿಕೊಳ್ಳಬಾರದು. ಬೆಲ್ಲಕ್ಕೆ ಚಿಂತೆಯಿರಲಿಲ್ಲ. ಯಾರೋ ಪುಣ್ಯಾತ್ಮರು ಮಕ್ಕಳಿಗೆಂದು ಒಂದು ಅಚ್ಚು ಕೊಟ್ಟುಹೋಗಿದ್ದರು. ಅದನ್ನು ಒಡೆದು ಹನ್ನೊಂದು ಚೂರು ಮಾಡಿದರು. ನೀರನ್ನು ಯಾವುದರಲ್ಲಿ ಕೊಡುವುದು? ಬಂದವನಿಗೆ ಬೊಗಸೆ ಒಡ್ಡು ಎನ್ನಲಾಗುತ್ತದೆಯೇ?

ಹೆಂಗಸು ತನ್ನ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿದಳು. ಅಧಿಕಾರಿ ಮೊದಲ ಗುಡಿಸಲಿಗೆ ಬಂದ. ಬೆಲ್ಲ ತಿಂದ, ನೀರು ಕುಡಿದ, ಪುಸ್ತಕದಲ್ಲಿ ಏನೋ ಬರೆದುಕೊಂಡ. ಅವನು ಹೊರಗೆ ಬಂದು ಎರಡನೆಯ ಬಾಗಿಲಿಗೆ ಬಗ್ಗುವಷ್ಟರಲ್ಲಿ ತಂಬಿಗೆ ಹಿಂದಿನ ಟಾರ್ಪಾಲಿನ ಅಡಿಯಿಂದ ನುಸುಳಿ ಅಲ್ಲಿಗೆ ಮುಟ್ಟಿತ್ತು. ಹೀಗೆ ಹನ್ನೊಂದು ಗುಡಿಸಲು. ಹನ್ನೊಂದು ಕಡೆಯೂ ಅವನು ಕುಡಿದ. ಅವನದು ಹೊಟ್ಟೆಯೋ ಕೆರೆಯೋ ಎಂದು ನಗಬೇಡ. ತಮ್ಮ ಕೈಯ ನೀರನ್ನು ಒಂದು ಮನೆಯಲ್ಲೂ ಬೇಡವೆನ್ನದ ಅಧಿಕಾರಿಯನ್ನು ಆ ಜನ ಅದುವರೆಗೆ ಕಂಡಿರಲಿಲ್ಲ. ಅವನು ಹೋದ ಮೇಲೆ ಅವನನ್ನು ದೇವರಂಥವನು ಎಂದರು.

ಹದಿನೈದು ದಿನಕ್ಕೆ ಪಟ್ಟಿ ಬಂತು. ದಿಬ್ಬದ ಜಾಗ ಬೇರೆ ಊರಿನವರಿಗೆ ಹೋಗಿತ್ತು. ಅಂಬಿಗರ ಒಂದು ಹೆಸರೂ ಇರಲಿಲ್ಲ. ಹೆಂಗಸು ಓದಿ ಹೇಳಿದವನಿಗೆ ಇನ್ನೊಮ್ಮೆ ಓದು ಎಂದಳು. ಅವನು ಓದಿದ. ಆಮೇಲೆ ಅವಳು ಮಗಳನ್ನು ಎತ್ತಿಕೊಂಡು ಕಚೇರಿಗೆ ನಡೆದಳು.

“ಸಾಹೇಬ್ರ, ಪಟ್ಟಿಯಾಗ ನಮ್ಮ ಹೆಸರ ಯಾಕ ಇಲ್ಲರಿ?”

ಅಧಿಕಾರಿ ಪುಸ್ತಕ ತೆರೆದು ತೋರಿಸಿದ. “ನಿಮ್ಮಲ್ಲಿ ಹಿತ್ತಾಳೆ ತಂಬಿಗೆ ಉಳಿದಿದೆಯಲ್ಲಮ್ಮ. ಹನ್ನೊಂದು ಮನೆಯಲ್ಲೂ ಇದೆ. ನಾನು ಯಾರ ಮಾತೂ ಕೇಳಿ ಬರೆದಿಲ್ಲ, ನಾನೇ ಅದರಲ್ಲಿ ನೀರು ಕುಡಿದಿದ್ದೇನೆ.”

“ಹನ್ನೊಂದಲ್ಲರಿ. ಇಡೀ ಕೇರಿಗೆ ಉಳದದ್ದು ಅದೊಂದ ತಂಬಿಗಿ. ನೀವು ಮುಂದಿನ ಬಾಗಲಕ್ಕ ಬರೂದ್ರಾಗ ಹಿಂದಿನಿಂದ ದಾಟಸ್ತಿದ್ವಿ. ಬಂದವ್ರನ್ನ ನೀರ ಕೊಡದ ಹೆಂಗ ಕಳಸೂದರಿ?”

ಅಧಿಕಾರಿಗೆ ಆಗ ನೆನಪಾಯಿತು. ತಂಬಿಗೆಯ ಕಂಠದ ಹತ್ತಿರ ಒಂದು ತಗ್ಗು ಇತ್ತು. ಹನ್ನೊಂದು ಸಲವೂ ಅವನ ಹೆಬ್ಬೆರಳು ಆ ತಗ್ಗಿನಲ್ಲೇ ಕೂತಿತ್ತು. ಈ ಕಡೆಯ ತಂಬಿಗೆಗಳೇ ಹೀಗಿರಬೇಕು ಎಂದುಕೊಂಡಿದ್ದ.

“ಒಂದು ಮಾತು ಹೇಳಬಾರದಿತ್ತೇನಮ್ಮ?” ಎಂದ.

“ನಮ್ಮ ನೀರ ಕುಡದ್ರಲ್ಲರಿ. ಇನ್ನ ಹೇಳೂದೇನೈತಿ ಅಂತ ಸುಮ್ಮನಾದ್ವಿ.”

ಅಧಿಕಾರಿ ಅಂದೇ ಮೇಲಿನವರಿಗೆ ಬರೆದ. ನಾನು ಕಂಡದ್ದು ತಪ್ಪು, ಪಟ್ಟಿ ತಿದ್ದಿ ಎಂದು ಬೇಡಿಕೊಂಡ. ಉತ್ತರ ಬಂತು. ‘ಇವನ್ನೆಲ್ಲ ಖುದ್ದಾಗಿ ಕಂಡಿದ್ದೇನೆ ಎಂದು ನೀವೇ ಸಹಿ ಹಾಕಿದ್ದೀರಿ. ನಿಮ್ಮಂಥ ಪ್ರಾಮಾಣಿಕರು ಕಂಡದ್ದು ಸುಳ್ಳಾದೀತೇ? ಜನರ ಗೋಳಿಗೆ ಮರುಳಾಗಬೇಡಿ.’ ಅವನು ಮತ್ತೆ ಬರೆದ, ಮತ್ತೆ ಅದೇ ಉತ್ತರ. ಖುದ್ದಾಗಿ ಹೋಗಿ ಕಾಲು ಹಿಡಿದ. ಅವರು ಅವನ ಬೆನ್ನು ತಟ್ಟಿ, ದಣಿದಿದ್ದೀರಿ, ನಾಲ್ಕು ದಿನ ರಜೆ ತೆಗೆದುಕೊಳ್ಳಿ ಎಂದರು. ಇದನ್ನು ಹೇಳುವಾಗ ಈಗಲೂ ನನಗೆ ಮೈ ಉರಿಯುತ್ತದೆ.

ಅಷ್ಟರಲ್ಲಿ ಗಂಜಿ ನಿಂತಿತು. ಟಾರ್ಪಾಲುಗಳನ್ನು ಬಿಚ್ಚಿಕೊಂಡು ಹೋದರು. ಹನ್ನೊಂದು ಮನೆಯವರೂ ದಿಬ್ಬ ಇಳಿದು ಹಳೆಯ ದಂಡೆಯಲ್ಲಿ ಕಂಬ ನೆಟ್ಟರು. ಹೆಂಗಸು ಎಲ್ಲರಿಗಿಂತ ಕೊನೆಗೆ ಇಳಿದಳು. ಬೇರೆಲ್ಲಿಗೆ ಹೋದಾಳು? ಮಗಳನ್ನು ಕರೆದುಕೊಂಡೇ ಇಳಿದಳು.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು.

“ಹೊಳೆ ಮತ್ತೆ ಬಂತೇ, ಗುರುಗಳೇ?” ಎಂದು ಮಡಿವಾಳಯ್ಯ ಕೇಳಿದ.

“ಮರುವರ್ಷ ಆ ಅಧಿಕಾರಿ ಪಟ್ಟಿ ಬರೆಯಲು ಮತ್ತೆ ಅಲ್ಲಿಗೆ ಹೋದ, ಮಡಿವಾಳಯ್ಯ. ನೀರು ಕೊಡಲು ಒಬ್ಬರೂ ಇರಲಿಲ್ಲ.”