ಬೇಟೆನಾಯಿಯ ಎದೆಯ ಕಿರುಬಾಗಿಲು

"ಕೇಳ್ರಪ್ಪೋ ಕೇಳ್ರಿ! ಅರಮನೆಯ ಬೇಟೆನಾಯಿಗಳು ಓಡ್ತಾ ಓಡ್ತಾ ಬಿದ್ದು ಸಾಯ್ತಾ ಅವೆ. ಆ ಸಾವಿನ ಮೂರು ಒಗಟು ಬಿಡಿಸಿದವರು ಕೇಳಿದ್ದನ್ನ ದೊರೆಗಳು ಕೊಡ್ತಾರೆ. ತಪ್ಪಿದವರ ತಲೆ ತೆಗೀತಾರೆ."

ಡಂಗುರ ಕೇಳಿ ಕುರುಬರ ಮಾಳಿಂಗ ಕುರಿಮಂದೆ ಬಿಟ್ಟು ಹೊರಟ. ನಾಯಿಗಳನ್ನು ಸಾಕುತ್ತಿದ್ದ ಅವನ ಸೋದರಮಾವ ದ್ಯಾವಣ್ಣ, ವಿಷವಿಕ್ಕಿದ ಎಂಬ ಆಪಾದನೆ ಹೊತ್ತು ಸೆರೆಯಲ್ಲಿದ್ದ. ಅಮಾವಾಸ್ಯೆಗೆ ಅವನಿಗೆ ಶೂಲ.

ತುಂಬಿದ ಸಭೆಯಲ್ಲಿ ದೊರೆ ಮೊದಲ ಒಗಟು ಕೇಳಿದ: "ಹೊಟ್ಟೆ ತುಂಬ ಉಂಡದ್ದು, ಓಡಿದರೆ ಉಪವಾಸ ಬಿದ್ದದ್ದರಂತೆ ಕುಸಿಯುತ್ತದೆ. ಯಾಕೆ?"

ಜೋಯಿಸರು ಶನಿಕಾಟ ಎಂದರು. ಮಂತ್ರವಾದಿ ಮಾಟ ಎಂದ. ಇಬ್ಬರನ್ನೂ ಎಳೆದೊಯ್ದು ತಲೆ ತೆಗೆದರು. ಬಲ್ಲೆನೆಂದು ಬಂದಿದ್ದ ಉಳಿದವರು ಹಿಂದೆ ಸರಿದರು.

ಮಾಳಿಂಗ ಬಳಲಿದ ನಾಯಿಮರಿಯೊಂದನ್ನು ತರಿಸಿ ಅದರ ಪಕ್ಕೆಗೆ ಕಿವಿಯಿಟ್ಟ. ಮಂದೆಗೆ ಟಗರು ಆರಿಸುವಾಗ ಅವನ ಜನ ಹಾಗೆಯೇ ಕೇಳುತ್ತಿದ್ದರು. ಗುಂಡಿಗೆಯ ಬಡಿತದ ನಡುವೆ ಬುಸ್ಸೆಂಬ ಸದ್ದು.

"ಉಂಡಿದ್ದು ರಕ್ತವೇನೋ ಆಗ್ಯದೆ ಬುದ್ಧಿ. ಓಡುವಾಗ ಆ ರಕ್ತ ಮೈಗೆ ಸಾಕಾಗುವಷ್ಟು ಮುಟ್ತಾ ಇಲ್ಲ."

ದೊರೆ ಎರಡನೆಯದನ್ನು ಕೇಳಿದ: "ಗಾಯವಿಲ್ಲದ ಈ ಸಾವು ಎಲ್ಲಿ ಅಡಗಿದೆ?"

"ಗುಂಡಿಗೆಯ ಬಾಗಿಲಲ್ಲಿ. ಹುಟ್ಟುವಾಗಲೇ ಅದು ಕಿರಿದು."

ಅಂದು ಬೆಳಿಗ್ಗೆ ಸತ್ತಿದ್ದ ನಾಯಿಯ ಎದೆ ಸೀಳಿ ನೋಡಿದರು. ತಿಣುಕಿ ತಿಣುಕಿ ಗುಂಡಿಗೆಯ ಗೋಡೆ ದಪ್ಪಗಾಗಿತ್ತು. ರಕ್ತ ಹೊರಡುವ ದಾರಿಯಲ್ಲಿ ಜೋಳದ ಕಾಳೂ ತೂರುವಂತಿರಲಿಲ್ಲ.

"ಹಾಗಾದರೆ ಕೊಂದವನು ಯಾರು?" ಇದು ದೊರೆಯ ಮೂರನೆಯ ಒಗಟು.

ಮಾಳಿಂಗನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ತನ್ನ ತಲೆ, ಬಿಟ್ಟರೆ ಮಾವನ ತಲೆ.

"ತಾವೇ ಬುದ್ಧಿ. ಅರಮನೆ ನಾಯಿಗೆ ಹೊರಗಿನ ತಳಿ ಸೋಕಬಾರದು ಅಂತ ಕಟ್ಟಳೆ ಮಾಡಿದ್ರಿ. ಒಡಹುಟ್ಟಿದವನ್ನೇ ಕೂಡಿಸಿದ್ರಿ. ಹುಟ್ಟಿನ ದೋಷ ಮನೆಯೊಳಗೇ ಸುತ್ತಿತು. ನಾವಾದ್ರೆ ಬೇರೆ ಮಂದೆಯಿಂದ ಟಗರು ತರ್ತೀವಿ."

ತಳವಾರ ಕತ್ತಿ ಹಿರಿದ. ದೊರೆ ಸತ್ತ ನಾಯಿಯ ಕಡೆ ನೋಡಿ, ಕೈಯೆತ್ತಿ ತಡೆದ. "ಏನು ಬೇಕು, ಕೇಳು."

"ನನ್ನ ಮಾವ."

ದ್ಯಾವಣ್ಣನ ಬೇಡಿ ಕಳಚಿತು. ಕಟ್ಟಳೆ ರದ್ದಾಯಿತು. ಯಾವ ನಾಯಿಗೆ ಯಾವ ಜೋಡಿ ಎಂದು ಗೊತ್ತುಮಾಡುವ ಅಧಿಕಾರ ಮಾಳಿಂಗನ ಪಾಲಿಗೆ ಬಂತು. ಉರುಳಿದ ಜೋಯಿಸರ, ಮಂತ್ರವಾದಿಯ ತಲೆಗಳನ್ನು ಮಾತ್ರ ಯಾರೂ ನೆನೆಯಲಿಲ್ಲ. ಅರಮನೆಯ ನ್ಯಾಯ ಅಷ್ಟೇ.

"ಈ ಮರಿ ಬದುಕೀತೇ?" ದೊರೆ ಕೇಳಿದ.

"ಓಡಿಸದಿದ್ರೆ ಒಂದಷ್ಟು ಕಾಲ," ಎಂದ ಮಾಳಿಂಗ.

ದೊರೆ ದ್ಯಾವಣ್ಣನ ಕಡೆ ತಿರುಗಿದ. "ಓಡಲಾರದವನ್ನ ಸೋಮಾರಿ ಅಂತ ಚಾಟಿಯಲ್ಲಿ ಹೊಡೆಸಿದೆನಲ್ಲ, ಅವು ಯಾವ ಯಾವುವು?"

ದ್ಯಾವಣ್ಣ ಒಂದೊಂದರ ಹೆಸರೂ ಹೇಳತೊಡಗಿದ. ಹೊತ್ತು ಮುಳುಗಿತು, ಹೆಸರುಗಳು ಮುಗಿಯಲಿಲ್ಲ.