ಕ್ಷೌರಿಕನ ಗಡ್ಡ

"ಗುರುಗಳೇ, ಒಬ್ಬನ ಮನಸ್ಸು ನೋಯಬಾರದೆಂದು ನಿಜವನ್ನು ಮುಚ್ಚಿಡುವುದು ಕರುಣೆಯಲ್ಲವೇ?" ಎಂದು ಶಿಷ್ಯ ಕೇಳಿದ.

ಕೇಳಲು ಅವನಿಗೆ ಕಾರಣವಿತ್ತು. ಗೆಳೆಯನೊಬ್ಬನ ಜೊತೆ ಸೇರಿ ಅವನು ಒಂದು ನಾಟಕ ತಂಡ ಕಟ್ಟಿದ್ದ. ಈಗ ಅವನಿಗೆ ಅದರಲ್ಲಿ ಆಸೆ ಉಳಿದಿರಲಿಲ್ಲ. ಹೇಳಿದರೆ ಗೆಳೆಯ ಕುಗ್ಗಿಹೋಗುತ್ತಾನೆಂದು ಸಂಜೆಯಾದರೆ ತಾಲೀಮಿಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದ. ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ರೈಲು ಜಂಕ್ಷನ್ನಿನ ಊರು. ಅಲ್ಲಿ ಒಬ್ಬ ಸಿನಿಮಾ ನಿರ್ದೇಶಕನಿದ್ದ. ನಿರ್ದೇಶಕ ಎಂದೊಡನೆ ಕಾರು, ಕುರ್ಚಿ, ಛತ್ರಿ ಹಿಡಿಯುವವನು ಎಂದೆಲ್ಲ ಊಹಿಸಿಕೊಳ್ಳಬೇಡ. ಅವನಿಗೆ ನಿರ್ಮಾಪಕನಿರಲಿಲ್ಲ. ಕ್ಯಾಮೆರಾ ಎರವಲು, ದೀಪಗಳೂ ಎರವಲು. ಕ್ಲಾಪ್ ಹೊಡೆಯುವವನೂ ಅವನೇ, ಊಟದ ಡಬ್ಬಿ ತೊಳೆಯುವವನೂ ಅವನೇ. ಭಾನುವಾರ ಚಿತ್ರೀಕರಣ, ಉಳಿದ ದಿನ ಎಲ್ಲರೂ ಅವರವರ ಕೆಲಸಕ್ಕೆ. ಹಳಿಯ ಪಕ್ಕದಲ್ಲಿ ಪಾಳುಬಿದ್ದ ಒಂದು ರೈಲ್ವೆ ಕ್ವಾರ್ಟರ್ಸ್ ಮನೆಯೇ ಅವರ ಸ್ಟುಡಿಯೋ. ಬೆಳಕು ಬಂದಾಗ ರೈಲು ಬರುತ್ತಿತ್ತು. ಅದರ ಸದ್ದು ಅಡಗುವ ಹೊತ್ತಿಗೆ ಬೆಳಕು ಹೋಗಿರುತ್ತಿತ್ತು. ಒಂದು ಮಾತಿನ ದೃಶ್ಯಕ್ಕೆ ಇಡೀ ಭಾನುವಾರ ಕಾದು ಬರಿಗೈಯಲ್ಲಿ ಮನೆಗೆ ಹೋದದ್ದೂ ಉಂಟು.

ಚಿತ್ರದಲ್ಲಿ, ಕಳೆದುಹೋದ ಮಗನನ್ನು ಹುಡುಕಿಕೊಂಡು ಅಲೆಯುವ ಒಬ್ಬ ತಂದೆಯ ಪಾತ್ರ. ಅದಕ್ಕೆ ನಿರ್ದೇಶಕ ಆರಿಸಿದ್ದು ಊರಿನ ಒಬ್ಬ ಕ್ಷೌರಿಕನನ್ನು. ಅಭಿನಯ ಅರಿಯದ ಮುಖ. ನಿರ್ದೇಶಕನಿಗೆ ಬೇಕಾಗಿದ್ದುದೂ ಅದೇ. ಆದರೆ ಪಾತ್ರಕ್ಕೆ ಗಡ್ಡ ಬೇಕು. ಅಂಟಿಸಿದ ಗಡ್ಡ ಬೆವರಿಗೆ ಕಿತ್ತುಬಂದು ಒಂದು ಕಿವಿಗೆ ನೇತಾಡಿತು. ಹಾಗಾಗಿ ಕ್ಷೌರಿಕ ನಿಜವಾಗಿಯೇ ಗಡ್ಡ ಬಿಟ್ಟ. ಸಿನಿಮಾದವರಿಗೆ ಒಂದು ಕಟ್ಟುಪಾಡುಂಟು. ಬಾಗಿಲಾಚೆ ಗಡ್ಡವಿದ್ದವನಿಗೆ ಬಾಗಿಲೊಳಗೆ ಬಂದಾಗಲೂ ಅದೇ ಗಡ್ಡ ಇರಬೇಕು. ಆಚೆಯದನ್ನು ಈ ವರ್ಷ, ಒಳಗಿನದನ್ನು ಮುಂದಿನ ವರ್ಷ ಚಿತ್ರಿಸಿದರೂ ಸರಿ. ಅದಕ್ಕೆ ಅವರು ಕಂಟಿನ್ಯೂಟಿ ಎನ್ನುತ್ತಾರೆ. ತಾನು ಹೇಳುವವರೆಗೆ ಕತ್ತಿ ಮುಟ್ಟಿಸಬಾರದೆಂದು ನಿರ್ದೇಶಕ ಕೇಳಿಕೊಂಡ. ಕ್ಷೌರಿಕ ಮಾತು ಕೊಟ್ಟ.

ಮಾತು ಕೊಡುವುದಕ್ಕೇನು. ಊರಿಗೆಲ್ಲ ಗಡ್ಡ ಬೋಳಿಸುವವನ ಮುಖದ ಮೇಲೇ ಪೊದೆ ಬೆಳೆಯಿತು. ತನ್ನ ಗಡ್ಡಕ್ಕೇ ಗತಿಯಿಲ್ಲ, ನಮ್ಮದನ್ನೇನು ಮಾಡಿಯಾನು ಎಂದು ಗಿರಾಕಿಗಳು ಮೊದಮೊದಲು ನಕ್ಕರು, ಆಮೇಲೆ ಎದುರಂಗಡಿಗೆ ಹೋದರು. ಮಗಳ ನಿಶ್ಚಿತಾರ್ಥಕ್ಕೆ ಬಂದ ಬೀಗರು ಮನೆಯಲ್ಲಿ ಸೂತಕವೇ ಎಂದು ಕೇಳಿದರು. ಹರಕೆ ಎಂದು ಹೇಳಿ ಅವನು ಪಾರಾದ. ಯಾವ ದೇವರಿಗೆಂದು ಯಾರೂ ಕೇಳಲಿಲ್ಲ, ಅವನ ಪುಣ್ಯ.

ಅಷ್ಟರಲ್ಲಿ ಚಿತ್ರ ಸತ್ತಿತು. ಕ್ಯಾಮೆರಾದವನಿಗೆ ಬೇರೆ ಊರಿನಲ್ಲಿ ಧಾರಾವಾಹಿಯ ಕೆಲಸ ಸಿಕ್ಕಿತು. ಅವನು ಹೋದ ಮೇಲೆ ಆ ಕ್ವಾರ್ಟರ್ಸನ್ನೂ ಕೆಡವಿದರು. ಚಿತ್ರದ ಅರ್ಧ ಭಾಗ ಆ ಮನೆಯೊಳಗೇ ನಡೆಯಬೇಕಿತ್ತು. ನಿರ್ದೇಶಕ ಹೋಗಿ ಇಟ್ಟಿಗೆಯ ರಾಶಿಯ ಮುಂದೆ ನಿಂತ. ಇನ್ನು ಆಗದು ಎಂದು ಅವನಿಗೆ ಅಲ್ಲೇ ತಿಳಿಯಿತು. ಅಳು ಬರಲಿಲ್ಲ, ನಿದ್ದೆ ಬಂದಂತಾಯಿತು.

ಹಿಂದಿರುಗುವಾಗ ಕ್ಷೌರದಂಗಡಿ ಸಿಕ್ಕಿತು. ಕ್ಷೌರಿಕ ಬಾಗಿಲಿಗೆ ಬಂದು, ಗಡ್ಡ ನೀವಿಕೊಂಡು, ಯಾವಾಗ ಎಂಬಂತೆ ಹುಬ್ಬು ಹಾರಿಸಿದ. ಈ ಮನುಷ್ಯ ನನಗಾಗಿ ಇಷ್ಟು ಕಳೆದುಕೊಂಡ, ಇವನಿಗೆ ಯಾವ ಬಾಯಲ್ಲಿ ಹೇಳಲಿ ಎಂದುಕೊಂಡ ನಿರ್ದೇಶಕ. ಮುಂದಿನ ತಿಂಗಳು ಎಂದುಬಿಟ್ಟ.

ಸುಳ್ಳನ್ನು ಹುಟ್ಟಿಸುವುದು ಕಷ್ಟವಲ್ಲ, ಸಾಕುವುದು ಕಷ್ಟ. ಮುಂದಿನ ತಿಂಗಳು ಬಂತು, ಮಳೆ ಎಂದ. ಮಳೆ ನಿಂತಿತು, ಲೆನ್ಸ್ ರಿಪೇರಿಗೆ ಹೋಗಿದೆ ಎಂದ. ಕೊನೆಗೆ ಅಂಗಡಿಯ ಮುಂದೆ ಸುಳಿಯುವುದನ್ನೇ ಬಿಟ್ಟು, ಗೂಡ್ಸ್ ಶೆಡ್ಡಿನ ಹಿಂದಿನ ಮುಳ್ಳುದಾರಿ ಹಿಡಿದ. ನಿರ್ದೇಶಕನ ಗಡ್ಡವೂ ಬೆಳೆಯಿತು. ಆ ಅಂಗಡಿಗೆ ಹೋಗಲು ಮುಖವಿಲ್ಲ, ಎದುರಂಗಡಿಗೆ ಹೋದರೆ ದ್ರೋಹ. ಮನೆಯಲ್ಲೇ ಬೋಳಿಸಿಕೊಳ್ಳೋಣವೆಂದರೆ, ಅವನು ಹಾಗಿರುವಾಗ ನಾನು ನುಣ್ಣಗಿರುವುದೇ ಎಂದು ಕೈ ಏಳಲಿಲ್ಲ. ಹೊಸ ಕತೆ ಬರೆಯಲು ಕೂತರೆ ಕಣ್ಣ ಮುಂದೆ ಕ್ಷೌರಿಕನ ಮುಖವೇ. ಸತ್ತ ಚಿತ್ರವನ್ನು ಹೊತ್ತು ತಿರುಗಿ ಅವನು ಹಣ್ಣಾದ. ಎಷ್ಟೆಂದರೆ, ಒಂದು ಮಧ್ಯಾಹ್ನ ಮುಳ್ಳುದಾರಿಯಲ್ಲಿ ಬಳಸಿ ಹೋಗುವ ಕಸುವೂ ಉಳಿಯದೆ, ನೇರ ದಾರಿಯಲ್ಲೇ ಬಂದು ಅಂಗಡಿಯ ಕುರ್ಚಿಯಲ್ಲಿ ಕುಸಿದ.

ಕ್ಷೌರಿಕ ಬಟ್ಟೆ ಹೊದಿಸಿ ಮುಖಕ್ಕೆ ನೊರೆ ಹಚ್ಚಿದ. ನೊರೆಯೊಳಗಿಂದಲೇ ನಿರ್ದೇಶಕ ಹೇಳಿದ:

"ಪಿಕ್ಚರ್ ನಿಂತೋಗಿದೆ. ಮನೆ ಕೆಡವಿದಾಗ್ಲೇ ನಿಂತೋಯ್ತು. ಇಷ್ಟು ದಿನ ನಿಮ್ಗೆ ಸುಳ್ಳು ಹೇಳ್ಕೊಂಡು ಬಂದೆ."

"ಗೊತ್ತು ಸಾರ್" ಎಂದ ಕ್ಷೌರಿಕ. "ಆ ಮನೆ ಕೆಡವಿದ ಮೇಸ್ತ್ರಿ ಅವತ್ತೇ ಇದೇ ಕುರ್ಚೀಲಿ ಕೂತು ಗಡ್ಡ ಮಾಡಿಸ್ಕೊಂಡು ಹೋದ."

ನಿರ್ದೇಶಕ ತಿರುಗಿ ನೋಡಿದ. "ಮತ್ತೆ ಈ ಗಡ್ಡಾನ ಯಾಕ್ರೀ ಇಟ್ಕೊಂಡಿದ್ರಿ? ಯಾವಾಗ, ಯಾವಾಗ ಅಂತ ಯಾಕೆ ಕೇಳ್ತಿದ್ರಿ?"

"ನಾನು ಬೋಳಿಸ್ಕೊಂಡ್ರೆ ನಿಮ್ಮ ಪಿಚ್ಚರ್ ಸತ್ತೋಯ್ತು ಅಂತ ನಿಮ್ಮ ಮುಖಕ್ಕೇ ಹೇಳ್ದಂಗಾಗ್ತಿತ್ತಲ್ಲ ಸಾರ್. ನೀವು ತಡ್ಕೊಳಲ್ಲ ಅನ್ನಿಸ್ತು. ನೀವಾಗೇ ಹೇಳ್ಲಿ ಅಂತ ಕೇಳ್ತಾ ಕಾದೆ." ಅವನು ಕತ್ತಿ ಎತ್ತಿಕೊಂಡ. "ನನ್ಗೂ ಸಾಕಾಗೋಗಿತ್ತು."

ನಿರ್ದೇಶಕನ ಗಡ್ಡ ತೆಗೆದ ಮೇಲೆ ಕ್ಷೌರಿಕ ಕನ್ನಡಿಯ ಮುಂದೆ ನಿಂತು ತನ್ನದನ್ನೂ ತೆಗೆದ. ಗಡ್ಡದಡಿಯಿಂದ ಹೊರಬಂದದ್ದು ಕೆನ್ನೆ ಇಳಿದ ಒಬ್ಬ ಮುದುಕನ ಮುಖ. ಇಬ್ಬರಿಗೂ ನಗು ಬರಲಿಲ್ಲ. ಎದುರಂಗಡಿಗೆ ಹೋದ ಗಿರಾಕಿಗಳು ತಿರುಗಿ ಬರಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯ, "ಗುರುಗಳೇ, ಇಬ್ಬರಲ್ಲಿ ಯಾರ ಕರುಣೆ ದೊಡ್ಡದು?" ಎಂದು ಕೇಳಿದ.

"ಅದನ್ನು ನಿನ್ನ ಗೆಳೆಯನನ್ನೇ ಕೇಳು, ತಾಲೀಮಿಗೆ ಬಂದು ಕೂತು ಅವನೂ ಇಷ್ಟು ಹೊತ್ತಿಗೆ ದಣಿದಿರಬೇಕು" ಎಂದರು ಗುರುಗಳು.